ಅಪ್ಪನ ಹೆಸರಲ್ಲೊಂದು ವಿದ್ಯಾರ್ಥಿವೇತನ: ಚೆಕ್ ಬರೆಯುವ ಮುನ್ನ

ವರ್ಷಾಂತಿಕ ಮುಗಿದ ವಾರದೊಳಗೆ ಅಣ್ಣ, ತಮ್ಮ, ಮಗಳು, ಅಳಿಯ ಎಲ್ಲರೂ ಕಾರು ಮಾಡಿಕೊಂಡು ಕಾಲೇಜಿಗೆ ಬರುತ್ತಾರೆ. ‘ಅಪ್ಪ ಇದೇ ಊರಲ್ಲಿ ವಾರಾನ್ನದಲ್ಲಿ ಓದಿದವರು ಸಾರ್, ಅವರ ಹೆಸರಲ್ಲಿ ಬಡ ಮಕ್ಕಳಿಗೆ ಏನಾದರೂ ಮಾಡಬೇಕು’ ಅನ್ನುತ್ತಾರೆ. ಪ್ರಾಂಶುಪಾಲರಿಗೆ ಶಾಲು ಹೊದೆಸಿ, ಒಂದು ಲಕ್ಷದ ಚೆಕ್ ಕೊಟ್ಟು, ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಾಠದ ಜೊತೆಗೆ ದತ್ತಿಗಳ ಕಡತವನ್ನೂ ನೋಡಿಕೊಂಡವನು ನಾನು. ಆಮೇಲೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ನಮ್ಮ ಕಬ್ಬಿಣದ ಬೀರುವಿನಲ್ಲಿ 1987ರ ಒಂದು ಠೇವಣಿ ರಸೀದಿ ಇತ್ತು, ಐದು ಸಾವಿರ ರೂಪಾಯಿಯದು. ಕೊಟ್ಟ ಕಾಲಕ್ಕೆ ಅದು ದೊಡ್ಡ ದುಡ್ಡೇ. ನಾನು ಕಡತ ನೋಡಿಕೊಳ್ಳುವ ಹೊತ್ತಿಗೆ ನೂರಕ್ಕೆ ಆರೂವರೆಯಂತೆ ವರ್ಷಕ್ಕೆ 325 ರೂಪಾಯಿ ಬಡ್ಡಿ. ಅದರಲ್ಲಿ ಒಂದು ಸ್ಟೀಲ್ ಡಬ್ಬಿ ತಂದು, ದಾನಿಗಳ ಹೆಸರು ಕೆತ್ತಿಸಿ, ವಾರ್ಷಿಕೋತ್ಸವದಲ್ಲಿ ಕೊಡುತ್ತಿದ್ದೆವು.

ಡಬ್ಬಿ ಕೊಡುವುದು ನಿಮ್ಮ ಉದ್ದೇಶವಲ್ಲದಿದ್ದರೆ ಮುಂದೆ ಓದಿ.

1. ಮೊತ್ತ

ಐದು ಲಕ್ಷಕ್ಕಿಂತ ಕಡಿಮೆ ಇದ್ದರೆ ಇಡುಗಂಟು, ಅಂದರೆ ಅಸಲು ಮುಟ್ಟದೆ ಬಡ್ಡಿಯಷ್ಟೇ ಬಳಸುವ ಠೇವಣಿ, ಇಡಲೇಬೇಡಿ. ಎರಡು ಲಕ್ಷವನ್ನು ಅದೇ ಆರೂವರೆಯ ಲೆಕ್ಕದಲ್ಲಿ ಠೇವಣಿ ಇಟ್ಟರೆ ಬರುವುದು ವರ್ಷಕ್ಕೆ ಹದಿಮೂರು ಸಾವಿರ. ಅದನ್ನು ಐದು ಜನಕ್ಕೆ ಹಂಚಿದರೆ ಯಾರಿಗೂ ಒಂದು ತಿಂಗಳ ಖರ್ಚೂ ಸಾಗದು. ಅದೇ ಎರಡು ಲಕ್ಷದಲ್ಲಿ ಇಬ್ಬರಿಗೆ ವರ್ಷಕ್ಕೆ ಮೂವತ್ತು ಸಾವಿರದಂತೆ ಮೂರು ವರ್ಷ ಕೊಟ್ಟರೆ 1,80,000 ಆಯಿತು, ಇಬ್ಬರ ಡಿಗ್ರಿ ಮುಗಿಯಿತು. ಉಳಿದ ಇಪ್ಪತ್ತು ಸಾವಿರ ಆಸ್ಪತ್ರೆ, ಆಪತ್ತಿಗೆ. ‘ಹೆಸರು ಶಾಶ್ವತವಾಗಿ ಉಳಿಯಬೇಕಲ್ಲ’ ಅನ್ನುವವರಿಗೆ ನಾನು ಆ ಡಬ್ಬಿ ತೋರಿಸುತ್ತೇನೆ.

ಇಡುಗಂಟೇ ಬೇಕೆಂದರೆ ಬಡ್ಡಿಯನ್ನು ಪೂರ್ತಿ ಖರ್ಚು ಮಾಡಬೇಡಿ, ಐದರಲ್ಲೊಂದು ಪಾಲು ಅಸಲಿಗೆ ಸೇರಿಸಿ. ದುಡ್ಡು ಬ್ಯಾಂಕಿನಲ್ಲೇ ಇರಲಿ. ಒಂದೂವರೆ ಪರ್ಸೆಂಟ್ ಹೆಚ್ಚು ಕೊಡುತ್ತೇವೆಂದು ಬಾಗಿಲಿಗೆ ಬರುವ ಸೌಹಾರ್ದ ಸಹಕಾರಿಗಳ, ಪತ್ತಿನ ಸಂಘಗಳ ಕಡೆ ಹೋಗಬೇಡಿ. ಬ್ಯಾಂಕ್ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ, ಸಂಘದ ಠೇವಣಿಗೆ ಅದಿಲ್ಲ. ‘ಇದು ಎಫ್‌ಡಿ ಥರಾನೇ ಸಾರ್’ ಎಂದು ಬ್ಯಾಂಕಿನ ಕೌಂಟರಿನಲ್ಲೇ ವಿಮಾ ಪಾಲಿಸಿಗೆ ಸಹಿ ಹಾಕಿಸಿಕೊಳ್ಳುವವರೂ ಇದ್ದಾರೆ. ಅದು ಎಫ್‌ಡಿ ಅಲ್ಲ.

2. ಟ್ರಸ್ಟ್ ಬೇಕೇ?

ಬೇಡ. ವರ್ಷಕ್ಕೆ ಇಬ್ಬರು ಮಕ್ಕಳಿಗಾಗಿ ಟ್ರಸ್ಟ್ ನೋಂದಣಿ, ಅದಕ್ಕೊಂದು ಪ್ಯಾನ್, ಆಡಿಟರ್ ಫೀಸು ಎಲ್ಲ ಮಾಡಿಕೊಂಡರೆ ಮೂರನೆಯ ಮಗುವಿನ ದುಡ್ಡು ಅಲ್ಲೇ ಹೋಗುತ್ತದೆ. ದಾನಕ್ಕೆ ಸಿಗುವ ತೆರಿಗೆ ರಿಯಾಯಿತಿಯ ಆಸೆಗೆ ಮಾಡುವವರು ಒಂದು ನೋಡಿಕೊಳ್ಳಿ: ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ರಿಯಾಯಿತಿಯೇ ಇಲ್ಲ.

ಟ್ರಸ್ಟ್ ಮಾಡಿಯೇ ತೀರುತ್ತೇವೆ ಎಂದರೆ, ಅಮೆರಿಕದ ಅಣ್ಣನಿಂದ ದುಡ್ಡು ಹಾಕಿಸುವ ಮೊದಲು ಅವರ ಪಾಸ್‌ಪೋರ್ಟ್ ಯಾವುದೆಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು ತಮ್ಮ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ.

3. ಯಾರಿಗೆ ಕೊಡುವುದು

ಬಂದವರೆಲ್ಲ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

‘ಅತಿ ಹೆಚ್ಚು ಅಂಕ ಪಡೆದ ಬಡ ವಿದ್ಯಾರ್ಥಿಗೆ’ ಎಂದು ಬರೆದುಕೊಡುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಅಂಕ ನೋಡಿ ಕೊಡುವುದು ಬಹುಮಾನ. ಕಾಲೇಜು ಬಿಟ್ಟುಹೋಗುವ ಮಗುವನ್ನು ಉಳಿಸಿಕೊಳ್ಳುವುದು ವಿದ್ಯಾರ್ಥಿವೇತನ. ಇವೆರಡೂ ಬೇರೆ ಬೇರೆ ಮಕ್ಕಳಿಗೆ ಹೋಗುತ್ತವೆ.

ನಮ್ಮಲ್ಲಿ ಬಿ.ಕಾಂ. ಎರಡನೇ ವರ್ಷದ ಒಬ್ಬ ಹುಡುಗನಿದ್ದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಪ್ರತಿ ಮಂಗಳವಾರ ಗೈರು. ಒಮ್ಮೆ ತರಗತಿಯಲ್ಲಿ ಎಲ್ಲರೆದುರು ನಿಲ್ಲಿಸಿ ಗದರಿದೆ. ಅವನು ತಲೆ ತಗ್ಗಿಸಿ ನಿಂತ, ಮಾತಾಡಲಿಲ್ಲ. ಸಂಜೆ ಬೀಗ ಹಾಕಲು ಬಂದ ನಮ್ಮ ಅಟೆಂಡರ್, ‘ಸಾರ್, ಅವನು ಮಂಗಳವಾರ ಸಂತೇಲಿ ಈರುಳ್ಳಿ ಮೂಟೆ ಇಳಿಸ್ತಾನೆ, ಮೂಟೆ ಲೆಕ್ಕದಲ್ಲಿ ಕೊಡ್ತಾರೆ’ ಅಂದರು. ಆ ವರ್ಷ ನಮ್ಮ ಬಳಿ ಎರಡು ದತ್ತಿಗಳಿದ್ದವು. ಅವನು ಯಾವುದಕ್ಕೂ ಅರ್ಜಿ ಹಾಕಿರಲಿಲ್ಲ. ನೋಟಿಸಿನಲ್ಲಿ ‘ಕನಿಷ್ಠ ಶೇ 60’ ಎಂದಿತ್ತು, ಅವನದು 54.

ಅಂದಿನಿಂದ ನಾನು ಮೊದಲು ತೆರೆಯುತ್ತಿದ್ದುದು ಹಾಜರಿ ಪುಸ್ತಕ. ಸಂತೆಯ ದಿನ, ಕೊಯ್ಲಿನ ತಿಂಗಳು, ಪರೀಕ್ಷಾ ಶುಲ್ಕ ಕಟ್ಟುವ ವಾರ ಯಾರು ಕಾಣುವುದಿಲ್ಲ ಎಂದು ನೋಡಿ. ಶುಲ್ಕ ಕಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ. ಹಾಗೆ ಒಂದು ಸೆಮಿಸ್ಟರ್ ತಪ್ಪಿಸಿಕೊಂಡವರಲ್ಲಿ ಅನೇಕರು ಮತ್ತೆ ಬರಲೇ ಇಲ್ಲ. ಅಟೆಂಡರ್, ಗ್ರಂಥಪಾಲಕರು, ಹಾಸ್ಟೆಲ್ ವಾರ್ಡನ್ ಇವರನ್ನು ಕೇಳಿ. ನಮ್ಮಂಥ ಮೇಷ್ಟ್ರುಗಳಿಗಿಂತ ಅವರಿಗೆ ಹೆಚ್ಚು ಗೊತ್ತಿರುತ್ತದೆ.

ಆದಾಯ ಪ್ರಮಾಣಪತ್ರ ತೆಗೆದುಕೊಳ್ಳಿ, ಆದರೆ ಅದನ್ನೇ ನಂಬಿ ಕೂರಬೇಡಿ. ನಾಡಕಚೇರಿಯ ಆ ಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಪಿಯುಸಿಗೆ ಸೇರುವಾಗ ಮಾಡಿಸಿದ್ದು ಡಿಗ್ರಿ ಮುಗಿಯುವ ತನಕ ನಡೆಯುತ್ತದೆ. ನಡುವೆ ಅಪ್ಪ ಗಾರೆ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡದ್ದು ಅದರಲ್ಲಿ ಬರೆದಿರುವುದಿಲ್ಲ.

ಅರ್ಜಿ ಒಂದೇ ಪುಟದ್ದಿರಲಿ. ‘ದಾನಿಗಳ ಆದರ್ಶಗಳು’ ಕುರಿತು ಪ್ರಬಂಧ ಬರೆಸುವವರಿದ್ದಾರೆ, ದಯವಿಟ್ಟು ಬೇಡ. ನಾಲ್ಕು ಪ್ರಶ್ನೆ ಸಾಕು. ಕಾಲೇಜಿಗೆ ಹೇಗೆ ಬರುತ್ತೀರಿ? ಮಧ್ಯಾಹ್ನದ ಊಟ ಎಲ್ಲಿ? ಕಳೆದ ಪರೀಕ್ಷಾ ಶುಲ್ಕ ಯಾರು ಕಟ್ಟಿದರು? ರಜೆಯಲ್ಲಿ ಏನು ಕೆಲಸ ಮಾಡಿದಿರಿ? ‘ಅಮ್ಮನ ಸಂಘದ ಸಾಲದಿಂದ’ ಎಂದು ಮೂರನೆಯದಕ್ಕೆ ಉತ್ತರ ಬಂದರೆ ಆ ಅರ್ಜಿಯನ್ನು ಬೇರೆ ತೆಗೆದಿಡಿ. ಮನೆಗೆ ಹೋಗಿ ಗೋಡೆ, ಹೆಂಚು ನೋಡಿ ಬರುವ ಚಾಳಿಯೂ ಬೇಡ.

ಷರತ್ತುಗಳ ವಿಷಯ. ‘ನಮ್ಮ ಪೈಕಿಯವರಿಗೇ’ ಎಂಬ ಸಾಲು ಸೇರಿಸಲು ಮನೆಯ ಹಿರಿಯರೊಬ್ಬರು ಹಟ ಹಿಡಿಯುತ್ತಾರೆ. ಸೇರಿಸಬೇಡಿ. ನಿಮ್ಮ ಅಪ್ಪನಿಗೆ ವಾರಾನ್ನ ಹಾಕಿದ ಏಳೂ ಮನೆ ನಿಮ್ಮ ಪೈಕಿಯವರದೇ ಆಗಿತ್ತೇ ಎಂದು ನಾನು ಒಬ್ಬರನ್ನು ಕೇಳಿದ್ದೆ. ಅವರಿಗೆ ಸಿಟ್ಟು ಬಂತು, ಸಾಲು ಮಾತ್ರ ಹೋಯಿತು. ಸರ್ಕಾರಿ ವಿದ್ಯಾರ್ಥಿವೇತನ ಬರುವವರಿಗೆ ಇಲ್ಲ ಎಂಬ ಷರತ್ತೂ ಸರಿಯಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗಿಷ್ಟು ಎಂದು ಹತ್ತು ತಿಂಗಳು ಕೊಡುತ್ತಾರೆ. ಬಾಡಿಗೆ, ಊಟ ಎರಡಕ್ಕೂ ಅಷ್ಟೇ. ಅದು ಕೈಗೆ ಬರುವ ಹೊತ್ತಿಗೆ ಎಷ್ಟೋ ಸಲ ವರ್ಷವೇ ಮುಗಿದಿರುತ್ತದೆ. ಎರಡನೇ ವರ್ಷಕ್ಕೆ ಮುಂದುವರಿಸಲು ಹಾಜರಿ ಕೇಳಿ, ಅಂಕ ಕೇಳಬೇಡಿ. ಒಂದು ವಿಷಯ ಪಾಸಾಗದೆ ಉಳಿಸಿಕೊಂಡ ಮಗುವಿಗೆ ದುಡ್ಡು ನಿಲ್ಲಿಸಿದರೆ ಇನ್ನೆರಡು ಉಳಿಯುತ್ತವೆ.

4. ಬರವಣಿಗೆ

ಕಾಲೇಜು ಅಭಿವೃದ್ಧಿ ಸಮಿತಿಯ ಸಭೆಯಲ್ಲಿ ಠರಾವು ಮಾಡಿಸಿ, ನಡಾವಳಿಯ ನಕಲು ಪಡೆಯಿರಿ. ಖಾತೆ ‘ಪ್ರಾಂಶುಪಾಲರು’ ಎಂಬ ಹುದ್ದೆಯ ಹೆಸರಲ್ಲಿರಲಿ, ವ್ಯಕ್ತಿಯ ಹೆಸರಲ್ಲಲ್ಲ. ಠೇವಣಿ ಇದ್ದರೆ ರಸೀದಿಯ ನಕಲು ನಿಮ್ಮ ಮನೆಯಲ್ಲೂ ಇರಲಿ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಮರಳಿ ಪಡೆಯಬಹುದು, ಆದರೆ ಓಡಾಡುವವರು ಯಾರು? 1906ರಲ್ಲಿ ತೀರಿಕೊಂಡ ಬೆಳಗಾವಿ ಜಿಲ್ಲೆಯ ಶಿರಸಂಗಿಯ ಜಮೀನ್ದಾರ ಲಿಂಗರಾಜ ದೇಸಾಯಿಯವರು ತಮ್ಮ ಲಿಂಗಾಯತ ಸಮಾಜದ ಮಕ್ಕಳ ಓದಿಗೆಂದು ತಮ್ಮ ಆಸ್ತಿಯನ್ನು ಬಾಯಿಮಾತಲ್ಲಿ ಬಿಡಲಿಲ್ಲ, ಉಯಿಲು ಬರೆದಿಟ್ಟೇ ಹೋದರು.

5. ದುಡ್ಡು ತಲುಪಿಸುವುದು

ಮಗುವಿನ ಸ್ವಂತ ಖಾತೆಗೇ ಹಾಕಿ. ಮೊದಲು ಒಂದು ರೂಪಾಯಿ ಕಳಿಸಿ, ಅದನ್ನು ತೆಗೆಯಲು ಆಗುತ್ತದೆಯೇ ಎಂದು ಕೇಳಿ. ಒಬ್ಬ ಹುಡುಗಿಗೆ ಹತ್ತು ಸಾವಿರ ಹೋಗಿತ್ತು. ಕೆವೈಸಿ ಬಾಕಿಯೆಂದು ಖಾತೆ ತಡೆಹಿಡಿದಿದ್ದರು, ಅವಳು ಪರೀಕ್ಷಾ ಶುಲ್ಕಕ್ಕೆ ಗೆಳತಿಯ ಕಿವಿಯೋಲೆ ಅಡವಿಟ್ಟಳು.

ಕಂತು ಮಾಡಿ: ಪ್ರವೇಶದ ಹೊತ್ತಿಗೆ ಒಂದಿಷ್ಟು, ಎರಡೂ ಸೆಮಿಸ್ಟರಿನ ಪರೀಕ್ಷಾ ಶುಲ್ಕದ ವಾರಕ್ಕೆ ಒಂದಿಷ್ಟು, ಉಳಿದದ್ದು ತಿಂಗಳು ತಿಂಗಳು. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚಿಲ್ಲ, ಹುಡುಗರ ಪಾಸಿಗೆ ದುಡ್ಡು ಬೇಕು. ಖಾಸಗಿ ಬಸ್ಸೇ ಓಡಾಡುವ ಊರಿನವರಾದರೆ ಇಬ್ಬರಿಗೂ ಬೇಕು.

6. ಸಮಾರಂಭ

ಮಾಡಬೇಡಿ. ಬಾಗಿಲಷ್ಟು ದೊಡ್ಡ ರಟ್ಟಿನ ಚೆಕ್ ಹಿಡಿಸಿ ಫೋಟೊ ತೆಗೆಸಿದರೆ ಆ ಹುಡುಗ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಬಡ ವಿದ್ಯಾರ್ಥಿ’ ಆಗಿಬಿಡುತ್ತಾನೆ. ಅವನನ್ನು ಮನೆಗೆ ಊಟಕ್ಕೆ ಕರೆಯಿರಿ, ಅಪ್ಪನ ಕಥೆ ಅಲ್ಲಿ ಹೇಳಿ.

ಪ್ರತಿ ಜೂನ್‌ನಲ್ಲಿ ಯಾರಿಗೆ ಎಷ್ಟು ಹೋಯಿತು, ಅವರು ಈಗ ಯಾವ ಸೆಮಿಸ್ಟರ್ ಎಂಬ ಒಂದು ಹಾಳೆ ಕೇಳಿ ಪಡೆಯಿರಿ. ಪ್ರಾಂಶುಪಾಲರ ವರ್ಗಾವಣೆಯ ಸುದ್ದಿ ಕಿವಿಗೆ ಬಿದ್ದರೆ ಜೂನ್‌ವರೆಗೆ ಕಾಯಬೇಡಿ, ಆ ವಾರವೇ ನಡಾವಳಿಯ ನಕಲು ಹಿಡಿದು ಹೊಸಬರನ್ನು ಕಾಣಿ. ಕಬ್ಬಿಣದ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಎಂಬುದೇ ಅವರಿಗೆ ಮೊದಲ ತಿಂಗಳು ಗೊತ್ತಿರುವುದಿಲ್ಲ.