ನಡುಗೆರೆ ಬಿಟ್ಟರೆ ಕೆಟ್ಟಿತು

"ಇವನಿಗೆ ಕಕ್ಕ ಮಾಡುವ ಜಾಗವೇ ಇಲ್ಲ ಡಾಕ್ಟ್ರೇ" ಎಂದು ಬಂಟ್ವಾಳ ಕಡೆಯ ಅಜ್ಜಿ ಮಗುವಿನ ಬಟ್ಟೆ ಬಿಚ್ಚಿ ತೋರಿಸಿದರು. ಹುಟ್ಟಿ ಒಂದು ದಿನವೂ ಆಗಿರಲಿಲ್ಲ. ಸುಮಾರು 5000 ಮಕ್ಕಳಲ್ಲಿ ಒಂದು ಹೀಗೆ, ಮಲದ್ವಾರ ಸರಿಯಾಗಿ ಇಲ್ಲದೆ, ಹುಟ್ಟುತ್ತದೆ. ಮಂಗಳೂರಿನಲ್ಲಿ ಮಕ್ಕಳ ಸರ್ಜನ್ ಆಗಿ ಇಂಥವರಿಗೆ ನಾನು ಮೊದಲು ಹೇಳುವ ಮಾತು ಯಾರಿಗೂ ಹಿಡಿಸುವುದಿಲ್ಲ: 24 ಗಂಟೆ ಕಾಯೋಣ. ಚರ್ಮದ ಮೇಲೆ ಕಪ್ಪು ಮಲದ ಚುಕ್ಕೆ ಕಂಡರೆ ಕರುಳು ಕೆಳಗೇ ಇದೆ, ಸಣ್ಣ ಆಪರೇಶನ್ ಸಾಕು. ಮೂತ್ರದಲ್ಲಿ ಮಲ ಬಂದರೆ ಕರುಳು ಮೂತ್ರದ ದಾರಿಗೆ ಕೂಡಿಕೊಂಡಿದೆ. ಕಾಯುವ ಹೊತ್ತಿನಲ್ಲಿ ಹೃದಯ, ಮೂತ್ರಪಿಂಡ, ಅನ್ನನಾಳ, ಬೆನ್ನುಮೂಳೆ ನೋಡಿಕೊಳ್ಳುತ್ತೇವೆ. ಬೆನ್ನುಮೂಳೆಯ ಕೆಳತುದಿ ಸರಿಯಾಗಿ ಬೆಳೆದಿರದಿದ್ದರೆ ಮಲ ಹಿಡಿದಿಡುವ ನರವೂ ಸ್ನಾಯುವೂ ಬಡವಾಗಿರುತ್ತವೆ. ಅದನ್ನು ಯಾವ ಸರ್ಜನ್ನನ ಕೈಯೂ ತುಂಬಿಕೊಡದು.

ಈ ಮಗುವಿನ ಮೂತ್ರ ಮಲ ಬೆರೆತು ಹಸಿರಾಗಿತ್ತು. ಕೊಲೋಸ್ಟಮಿ ಮಾಡಿ, ಅಂದರೆ ಕರುಳನ್ನು ಹೊಟ್ಟೆಯ ಮೇಲೆ ತೆರೆದು, ಮನೆಗೆ ಕಳಿಸಿದೆ. ಕರುಳನ್ನು ಕೆಳಗೆ ತಂದು ದ್ವಾರ ಮಾಡುವ ಮುಖ್ಯ ಆಪರೇಶನ್‌ಗೆ ಮುಂಚೆ ಆ ಬಾಯಿಯಿಂದ ಬಣ್ಣದ ಔಷಧ ಒತ್ತಿ ಹಾಯಿಸಿ ಎಕ್ಸ್‌ರೇ ತೆಗೆಯಲೇಬೇಕು. ಕರುಳು ಎಲ್ಲಿದೆಯೆಂದು ತಿಳಿಯದೆ ಹುಡುಕಹೊರಟರೆ ಮೂತ್ರನಾಳಕ್ಕೇ ಪೆಟ್ಟು.

ಹಿಂದೆ ಕರುಳನ್ನು ಹೆಚ್ಚುಕಡಿಮೆ ಕುರುಡಾಗಿಯೇ, ಬೆರಳ ಅಂದಾಜಿನಲ್ಲಿ, ಸ್ನಾಯುಗಳ ನಡುವೆ ಎಳೆದು ತರುತ್ತಿದ್ದರು. 1982ರಲ್ಲಿ ಪೆನ್ಯಾ ಮತ್ತು ಡಿವ್ರೀಸ್ ಎಂಬ ಸರ್ಜನ್ನರು ಪ್ರಕಟಿಸಿದ ವಿಧಾನದಲ್ಲಿ ಮಗುವನ್ನು ಬೋರಲು ಮಲಗಿಸಿ, ಹಿಂದಿನಿಂದ ಸರಿಯಾಗಿ ನಡುಮಧ್ಯೆ ಸೀಳುತ್ತೇವೆ. ಬಾಳೆಲೆಯ ದಿಂಡನ್ನು ಉದ್ದಕ್ಕೆ ಸೀಳಿದರೆ ಎರಡೂ ಮಗ್ಗುಲ ಎಲೆ ಹಾಗೇ ಉಳಿಯುವುದಿಲ್ಲವೇ, ಇದೂ ಹಾಗೆಯೇ. ಮುಖ್ಯವಾದ ನರ ಯಾವುದೂ ನಡುಗೆರೆ ದಾಟುವುದಿಲ್ಲ. ಎರಡೂ ಕಡೆ ಸಮನಾಗಿ ಸ್ನಾಯು ಕಾಣುತ್ತಿದ್ದರೆ ನೆಮ್ಮದಿ. ಒಂದು ಕಡೆಯಿಂದ ಹಳದಿ ಕೊಬ್ಬು ಉಬ್ಬಿ ಬಂತೆಂದರೆ ದಾರಿ ತಪ್ಪಿದ್ದೇನೆ, ಅಲ್ಲೇ ನಿಲ್ಲಿಸಿ ಹಿಂದಕ್ಕೆ ಬರಬೇಕು.

ಕತ್ತರಿಸುವ ಮೊದಲೇ ಸ್ಟಿಮ್ಯುಲೇಟರ್, ಅಂದರೆ ಸಣ್ಣ ವಿದ್ಯುತ್ ಹಾಯಿಸಿ ಸ್ನಾಯು ಕುಗ್ಗಿಸುವ ಮೆಷಿನ್, ಮುಟ್ಟಿಸಿ, ಚರ್ಮ ಎಲ್ಲಿ ಸುಕ್ಕುಗಟ್ಟುತ್ತದೋ ಅದರ ಮುಂದೆ ಮತ್ತು ಹಿಂದೆ ಒಂದೊಂದು ಹೊಲಿಗೆಯ ಗುರುತು ಹಾಕುತ್ತೇನೆ. ಒಮ್ಮೆ ತೆರೆದ ಮೇಲೆ ಆ ಗಡಿ ಕಣ್ಣಿಗೆ ಸಿಗುವುದಿಲ್ಲ. ಅರಿವಳಿಕೆ ಡಾಕ್ಟರಿಗೆ ಸ್ನಾಯು ಸಡಿಲಿಸುವ ಇಂಜೆಕ್ಷನ್ ಬೇಡವೆಂದು ಮೊದಲೇ ಹೇಳಿರಬೇಕು. ಶುರುವಿನ ದಿನಗಳಲ್ಲಿ ಒಮ್ಮೆ ಹೇಳಲು ಮರೆತೆ. ಅವರು ರೂಢಿಯಂತೆ ಕೊಟ್ಟರು. ನಾನು ಮೆಷಿನ್ ಕೆಟ್ಟಿದೆಯೆಂದು ಬ್ಯಾಟರಿ ಬದಲಾಯಿಸುತ್ತ ಕೂತೆ! ಔಷಧ ಇಳಿಯುವವರೆಗೆ ಎಲ್ಲರೂ ಗಡಿಯಾರ ನೋಡುತ್ತ ನಿಂತೆವು.

ಸಮಯ ತಿನ್ನುವುದು ಕರುಳನ್ನು ಮೂತ್ರನಾಳದಿಂದ ಬಿಡಿಸುವ ಕೆಲಸ. ಕೂಡಿಕೊಂಡ ಜಾಗದ ಮೇಲ್ಗಡೆ ಎರಡಕ್ಕೂ ಒಂದೇ ಗೋಡೆ, ನಡುವೆ ಪದರವೇ ಇಲ್ಲ. ಆಮೇಲೆ ಕರುಳನ್ನು ಸ್ನಾಯುಗಳ ಮಧ್ಯೆ ಕೂರಿಸಿ, ಹಿಂದಿನಿಂದ ಸ್ನಾಯುವನ್ನು ಮತ್ತೆ ಜೋಡಿಸಬೇಕು. ಹೊಲಿಗೆ ಕರುಳ ಗೋಡೆಯನ್ನೂ ಸ್ವಲ್ಪ ಹಿಡಿಯಬೇಕು, ಇಲ್ಲವಾದರೆ ಮುಂದೆ ಅದು ಹೊರಗೆ ಜಾರುತ್ತದೆ. ಕರುಳು ತೀರಾ ಅಗಲವಿದ್ದರೆ ಕಿರಿದು ಮಾಡಿಯೇ ಕೂರಿಸುವುದು. ಜಾಗ ಸಾಲದೆಂದು ಸ್ನಾಯುವನ್ನು ಅತ್ತಿತ್ತ ಎಳೆಯುವುದಲ್ಲ.

ಒಂದು ಮಗುವಿಗೆ ದ್ವಾರವನ್ನು ಕೂದಲೆಳೆಯಷ್ಟಲ್ಲ, ಸುಮಾರು ಅರ್ಧ ಬೆರಳು ಮುಂದಕ್ಕೆ ಇಟ್ಟುಬಿಟ್ಟಿದ್ದೆ. ಆಮೇಲೆ ಪರೀಕ್ಷಿಸಿದಾಗ ಸಂಕೋಚನವೆಲ್ಲ ಹಿಂದುಗಡೆಯೇ. ತಂದೆತಾಯಿಯನ್ನು ಕೂರಿಸಿಕೊಂಡು ತಪ್ಪು ನನ್ನದೆಂದು ಹೇಳಿ, ಇನ್ನೊಮ್ಮೆ ಆಪರೇಶನ್ ಮಾಡಿದೆ. ಅಂದಿನಿಂದ ಕೊನೆಯ ಹೊಲಿಗೆಯ ಮುಂಚೆ ಸ್ಟಿಮ್ಯುಲೇಟರ್ ಮತ್ತೊಮ್ಮೆ ಮುಟ್ಟಿಸದೆ ಕೈಗವಸು ತೆಗೆಯುವುದಿಲ್ಲ.

ಎರಡು ವಾರದ ನಂತರ ದಿನಕ್ಕೆರಡು ಸಲ ಲೋಹದ ಕಡ್ಡಿ ಹಾಕಿ ದಾರಿ ಹಿಗ್ಗಿಸಬೇಕು. ವಾರಕ್ಕೊಂದು ಸೈಜು ಏರಿಸಿ, ವಯಸ್ಸಿಗೆ ತಕ್ಕ ಅಳತೆ ಮುಟ್ಟಿದ ಮೇಲೆಯೇ ಕೊಲೋಸ್ಟಮಿ ಮುಚ್ಚುವುದು. ಬಂಟ್ವಾಳದ ಮಗುವಿನ ಅಮ್ಮನಿಗೆ ಕೈ ನಡುಗುತ್ತಿತ್ತು, ಅಪ್ಪ ಹೊರಗೆ ಹೋಗಿಬಿಡುತ್ತಿದ್ದರು. ಕೊನೆಗೆ ಕಲಿತವರು ಅಜ್ಜಿಯೇ.

ಈಗ ಅವನಿಗೆ ಮೂರೂವರೆ ವರ್ಷ. ಮೊನ್ನೆ ಬಂದಾಗ ಅಜ್ಜಿಯದು ದೂರು: "ಊಟಕ್ಕೆ ಬಡಿಸಿದಾಗಲೇ 'ಅಜ್ಜೀ, ಕಕ್ಕ ಬಂತು' ಅಂತ ಎಬ್ಬಿಸ್ತಾನೆ ಡಾಕ್ಟ್ರೇ." ಬರುವ ಮೊದಲೇ ಹೇಳುತ್ತಾನಾ ಎಂದು ಕೇಳಿದೆ. ಹೌದಂತೆ. ಮಲಬದ್ಧತೆಯ ಸಿರಪ್ ಇನ್ನೂ ಬಿಡಿಸಿಲ್ಲ.