ಎತ್ತದೆ ಉಳಿದ ನೀಲಿ ಚೀಟಿ

ವಾರಾಂತ್ಯದ ಬ್ರಿಡ್ಜ್ (ಇಬ್ಬಿಬ್ಬರು ಜೊತೆಯಾಗಿ ನಾಲ್ವರು ಆಡುವ ಇಸ್ಪೀಟಾಟ) ಪಂದ್ಯಾವಳಿಗಳಲ್ಲಿ ನಾನು ಡೈರೆಕ್ಟರ್. ಸಿನಿಮಾದವನಲ್ಲ, ಯಾವುದಾದರೂ ಮೇಜಿನಿಂದ ಕೂಗು ಕೇಳಿದರೆ ನಿಯಮದ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಓಡುವವನು. ನನ್ನನ್ನು ಅತಿ ಹೆಚ್ಚು ಓಡಿಸಿರುವುದು ಬಿಡ್ಡಿಂಗ್ ಬಾಕ್ಸಿನ, ಅಂದರೆ ಬಿಡ್ ಚೀಟಿಗಳ ಡಬ್ಬಿಯ, ನೀಲಿ ಅಲರ್ಟ್ ಚೀಟಿ. ಬಿಡ್ ಎಂದರೆ ಇಷ್ಟು ಪಟ್ಟು (ಸುತ್ತು) ಗೆಲ್ಲುತ್ತೇವೆ ಎಂಬ ಕೂಗು, ಕೈಯ ಎಲೆಗಳ ಬಗ್ಗೆ ಜೊತೆಗಾರನಿಗೆ ಸುಳಿವೂ ಹೌದು. ಜೊತೆಗಾರನ ಬಿಡ್‌ಗೆ ಎದುರಾಳಿ ಊಹಿಸಲಾರದ ಅರ್ಥವೇನಾದರೂ ಇದ್ದರೆ ಆ ಚೀಟಿಯನ್ನು ಎತ್ತಿ ತೋರಿಸಬೇಕು. ಎತ್ತಲು ಮರೆತರೆ ನನಗೆ ಕರೆ.

ಮೊದಲ ವರ್ಷ ಈ ಜಗಳಗಳನ್ನು ನಾನು ಬಹಳ ಸಲೀಸಾಗಿ ತೀರಿಸುತ್ತಿದ್ದೆ. ಅಲರ್ಟ್ ಮಾಡಲಿಲ್ಲವೇ? ಅಂಕ ಎದುರಾಳಿಗೆ. ಹೆಲ್ಮೆಟ್ ಇಲ್ಲದವನಿಗೆ ದಂಡ ಹಾಕಿದಷ್ಟೇ ನಿರಾಳ. ನಿಯಮ ಹಾಗೆ ಹೇಳುವುದೇ ಇಲ್ಲ ಎಂದು ತಿಳಿಯಲು ತಡವಾಯಿತು. ತಪ್ಪು ಮಾಹಿತಿ ಹೋಗಿರಬೇಕು, ನಷ್ಟವೂ ಅದರಿಂದಲೇ ಆಗಿರಬೇಕು. ಆಗ ಮಾತ್ರ ಅಂಕ ತಿದ್ದಬೇಕು. ಇದು ನನ್ನ ತಲೆಗೆ ಸರಿಯಾಗಿ ಇಳಿದದ್ದು ಬೆಂಗಳೂರಿನ ಒಂದು ಪೇರ್ಸ್ (ಜೋಡಿಗಳ) ಪಂದ್ಯದಲ್ಲಿ.

ಉತ್ತರ-ದಕ್ಷಿಣ ಒಂದು ಜೋಡಿ, ಪೂರ್ವ-ಪಶ್ಚಿಮ ಇನ್ನೊಂದು. ಉತ್ತರದವರು 1 ನೋಟ್ರಂಪ್ (ತುರುಫು ಇಲ್ಲದ ಆಟ) ತೆರೆದರು, ದೊಡ್ಡ ಎಲೆಗಳ ಲೆಕ್ಕದಲ್ಲಿ 15ರಿಂದ 17 ಪಾಯಿಂಟ್. ಪೂರ್ವದವರು 2 ಕ್ಲಬ್ ಹೇಳಿದರು. (ಮನೆಯಲ್ಲಿ ಕಳಾವರ್ ಎನ್ನುವ ನಾವು ಈ ಮೇಜಿಗೆ ಕೂತ ಕೂಡಲೇ ಕ್ಲಬ್ ಎನ್ನುತ್ತೇವೆ.) ಪಶ್ಚಿಮದವರು ಚೀಟಿ ಮುಟ್ಟಲಿಲ್ಲ. ದಕ್ಷಿಣದವರ ಕೈಯಲ್ಲಿ ಸ್ಪೇಡ್ ರಾಜ, ಹತ್ತು, ಆರು, ನಾಲ್ಕು, ಎರಡು. ಹಾರ್ಟ್ ಎಕ್ಕ, ಐದು. ಡೈಮಂಡ್ ರಾಣಿ, ಎಂಟು, ಮೂರು. ಕ್ಲಬ್ ರಾಣಿ, ಏಳು, ನಾಲ್ಕು. ಒಟ್ಟು 11 ಪಾಯಿಂಟ್. ಎದುರಾಳಿಯ ಕೈಯಲ್ಲಿ ಕ್ಲಬ್ ಎಲೆಗಳೇ ಹೆಚ್ಚಿವೆ ಎಂದುಕೊಂಡು ಅವರು 3 ಸ್ಪೇಡ್ ಹೇಳಿದರು, ಜೊತೆಗಾರರು 4 ಸ್ಪೇಡ್‌ಗೆ ಏರಿಸಿದರು. ಎದುರಾಳಿಗಳ ನಡುವೆ ಸ್ಪೇಡ್ ಹಂಚಿಕೆ ನಾಲ್ಕು-ಒಂದು. ಒಂದು ಪಟ್ಟು ಕಡಿಮೆಯಾಗಿ ಕಾಂಟ್ರಾಕ್ಟ್ (ಕೊನೆಗೆ ನಿಂತ ಬಿಡ್) ಬಿತ್ತು. ಆ ನಾಲ್ಕು ಸ್ಪೇಡೂ ಪೂರ್ವದವರ ಕೈಯಲ್ಲಿದ್ದವು. ಅವರ 2 ಕ್ಲಬ್ ಎಂದರೆ ಲ್ಯಾಂಡಿ: ಸ್ಪೇಡ್ ಮತ್ತು ಹಾರ್ಟ್ ಎರಡೂ ಇವೆ ಎಂಬ ಸೂಚನೆ.

ನಾನು ಹೋಗುವಷ್ಟರಲ್ಲಿ ದಕ್ಷಿಣದ ಹಿರಿಯರ ಮುಖ ಕೆಂಪಾಗಿತ್ತು. ಅವರ ಸಿಟ್ಟು ಅಲರ್ಟ್ ಮರೆತವರ ಮೇಲಿರಲಿಲ್ಲ. "ಈ ಮನುಷ್ಯನಿಗೆ ತನ್ನ ಬಿಡ್ ಏನೆಂದು ಗೊತ್ತಿತ್ತು. ಹದಿಮೂರು ಪಟ್ಟು ಮುಗಿಯುವವರೆಗೂ ಬಾಯಿ ಬಿಡಲಿಲ್ಲ. ಇದು ಮೋಸವಲ್ಲವೇ?" ಎಂದು ಪೂರ್ವದವರತ್ತ ಬೆರಳು ತೋರಿಸಿದರು. ಅಲ್ಲ. ರಕ್ಷಣೆಯ ಕಡೆ, ಅಂದರೆ ಕಾಂಟ್ರಾಕ್ಟ್ ಬೀಳಿಸಲು ಆಡುವ ಕಡೆ ಇರುವವನು ಜೊತೆಗಾರನ ತಪ್ಪನ್ನು ಆಟ ಮುಗಿಯುವ ಮೊದಲು ತಿದ್ದಿದರೆ ಜೊತೆಗಾರನನ್ನೂ ಎಚ್ಚರಿಸಿದ ಹಾಗಾಗುತ್ತದೆ. ಆದ್ದರಿಂದ ಸುಮ್ಮನಿರುವುದೇ ಅವನ ಕರ್ತವ್ಯ. ಪೂರ್ವದವರು ಎಡವಿದ್ದು ಕೊನೆಯಲ್ಲಿ: ಆಟ ಮುಗಿದೊಡನೆ ತಾವೇ ನನ್ನನ್ನು ಕರೆಯಬೇಕಿತ್ತು, ಎಲೆ ಜೋಡಿಸುತ್ತಾ ಕೂತರು.

ಪಶ್ಚಿಮದವರ ವಾದ ಇನ್ನೂ ಸ್ವಾರಸ್ಯಕರ. "ನಾವು ಲ್ಯಾಂಡಿ ಆಡುವುದು ಇಲ್ಲಿ ಎಲ್ಲರಿಗೂ ಗೊತ್ತು ಸಾರ್. ಅನುಮಾನವಿದ್ದರೆ ಕೇಳಬಹುದಿತ್ತಲ್ಲ?" ಅಲರ್ಟ್ ಬರದಿದ್ದಾಗ ಕೇಳುವ ಹೊಣೆಯನ್ನು ಎದುರಾಳಿಯ ತಲೆಗೆ ಕಟ್ಟುವುದು ನನಗೆ ಯಾವತ್ತೂ ಹಿಡಿಸಿಲ್ಲ. ಜೋಡಿ ತಮ್ಮ ಬಿಡ್‌ಗಳ ಅರ್ಥ ಬರೆದಿಡುವ ಸಿಸ್ಟಮ್ ಕಾರ್ಡನ್ನು ಅವರಿಂದ ಇಸಿದುಕೊಂಡು ನೋಡಿದೆ. 2 ಕ್ಲಬ್ ಎಂದರೆ ಎರಡು ಮೇಜರ್ (ಸ್ಪೇಡ್, ಹಾರ್ಟ್) ಎಂದು ಸ್ಪಷ್ಟವಾಗಿ ಬರೆದಿತ್ತು. ಕಾರ್ಡ್ ಇಲ್ಲದಿದ್ದರೆ, ಬೇರೆ ಪುರಾವೆಯೂ ಸಿಗದಿದ್ದರೆ, ಬಿಡ್ ತಪ್ಪಲ್ಲ, ವಿವರಣೆಯೇ ತಪ್ಪು ಎಂದು ಡೈರೆಕ್ಟರ್ ಭಾವಿಸಬೇಕು. ತಪ್ಪು ಮಾಹಿತಿ ಹೋಗಿದೆ ಎಂಬ ಮಟ್ಟಿಗೆ ಪ್ರಶ್ನೆ ಮುಗಿಯಿತು.

ನಷ್ಟದ ಪ್ರಶ್ನೆ ಇಷ್ಟು ಸುಲಭವಲ್ಲ. "ಅಲರ್ಟ್ ಬಂದಿದ್ದರೆ ನಾನು 3 ನೋಟ್ರಂಪ್ ಹೇಳುತ್ತಿದ್ದೆ" ಎಂದರು ಹಿರಿಯರು. ಅದಕ್ಕೆ ಬೇಕಾದ ಒಂಬತ್ತು ಪಟ್ಟು ಅಲ್ಲಿ ಇದ್ದವು ನಿಜ. ಆದರೆ ನಾಲ್ಕೂ ಕೈಗಳನ್ನು ನೋಡಿದ ಮೇಲೆ ಯಾರು ತಾನೇ ಹಾಗೆ ಹೇಳುವುದಿಲ್ಲ? ತೀರ್ಪು ಆಮೇಲೆ ತಿಳಿಸುವೆನೆಂದು ಹೇಳಿ ಮುಂದಿನ ಬೋರ್ಡ್ (ಮೊದಲೇ ಹಂಚಿಟ್ಟ ಎಲೆಗಳ ಒಂದು ಆಟ) ಆಡಿಸಿದೆ. ದಕ್ಷಿಣದ ಹದಿಮೂರು ಎಲೆಗಳನ್ನಷ್ಟೇ ಚೀಟಿಯಲ್ಲಿ ಬರೆದುಕೊಂಡು, ಹೆಚ್ಚುಕಡಿಮೆ ಅವರಷ್ಟೇ ಪಳಗಿದ, ಈ ಬೋರ್ಡ್ ಇನ್ನೂ ಆಡಿರದ ಐವರನ್ನು ಒಬ್ಬೊಬ್ಬರನ್ನಾಗಿ ಕಾರಿಡಾರಿಗೆ ಕರೆದೆ. ಏಕೆ ಕೇಳುತ್ತಿದ್ದೇನೆ ಎಂದು ಹೇಳಲಿಲ್ಲ. ಹೇಳಿದರೆ ಉತ್ತರ ಕೆಡುತ್ತದೆ. ಮೊದಲು "2 ಕ್ಲಬ್ ಎಂದರೆ ಕ್ಲಬ್ಬೇ" ಎಂದು ಕೇಳಿದೆ. ಐವರೂ 3 ಸ್ಪೇಡ್ ಎಂದರು. ನಂತರ "ಎರಡು ಮೇಜರ್" ಎಂದೆ. ನಾಲ್ವರು 3 ನೋಟ್ರಂಪ್‌ಗೆ ಹಾರಿದರು. ಒಬ್ಬರು ಮಾತ್ರ "ನನ್ನ ಸ್ಪೇಡ್ ನನಗೆ" ಎಂದು ಹಟ ಹಿಡಿದರು. ಅವರಿಗೆ ಒಂದು ಕಾಫಿ ಕೊಡಿಸಬೇಕು ಅನ್ನಿಸಿತು, ಏಕೆಂದರೆ ಪೂರ್ತಿ ಅಂಕವನ್ನು ಒಂದೇ ಕಡೆಗೆ ಸುರಿಯದಂತೆ ನನ್ನನ್ನು ತಡೆದವರು ಅವರೇ.

ತಿದ್ದಿದ ಅಂಕವನ್ನು ತೂಕ ಹಾಕಿ ಹಂಚಲು ನಿಯಮ ಅವಕಾಶ ಕೊಡುತ್ತದೆ. ಶೇ. 80 ಭಾಗ 3 ನೋಟ್ರಂಪ್ ಗೆದ್ದ ಫಲಿತಾಂಶ, ಅಂದರೆ 400, ಶೇ. 20 ಭಾಗ ಮೇಜಿನಲ್ಲಿ ಆದದ್ದು, ಮೈನಸ್ 50. "ಅವರ ಆಟವೇ ಕೆಟ್ಟದಾಗಿತ್ತು, ಅದಕ್ಕೂ ಪರಿಹಾರವೇ?" ಎಂದು ಪಶ್ಚಿಮದವರು ಮತ್ತೆ ಕೇಳಿದರು. 2017ರ ನಿಯಮಾವಳಿಯ ಪ್ರಕಾರ ಪರಿಹಾರ ಕಡಿಮೆಯಾಗಬೇಕಾದರೆ ಅಲರ್ಟ್‌ಗೆ ಸಂಬಂಧವಿಲ್ಲದ ಅತಿ ಗಂಭೀರ ತಪ್ಪು ನಡೆದಿರಬೇಕು, ಇಲ್ಲವೇ ಜೂಜಿನ ಸಾಹಸ. ಸಾಧಾರಣ ಆಟ ಅದಕ್ಕೆ ಸಾಲದು. ಅಂಕಪಟ್ಟಿ ಗೋಡೆಗೆ ಅಂಟಿಸಿದ ಮೇಲೆ 30 ನಿಮಿಷ ಮೇಲ್ಮನವಿಗೆ ಕಾದೆ. ಎರಡೂ ಕಡೆಯವರು ಗೊಣಗಿದರು, ಯಾರೂ ಬರಲಿಲ್ಲ.

ಬಂದವರು ಪೂರ್ವದವರು, ಬೇರೆ ಕಾರಣಕ್ಕೆ. "ಮುಂದಿನ ಸಲವೂ ಹೀಗೆಯೇ ಕೊನೆಯವರೆಗೆ ಬಾಯಿ ಮುಚ್ಚಿಕೊಂಡಿರಬೇಕೇ?"

"ಕಾಂಟ್ರಾಕ್ಟ್ ಅವರದಾದರೆ ಹೌದು. ನಿಮ್ಮದಾದರೆ ಕೊನೆಯ ಪಾಸ್ ಆದೊಡನೆ, ಮೊದಲ ಎಲೆ ಬೀಳುವ ಮುನ್ನ ನನ್ನನ್ನು ಕರೆದು ಹೇಳಬೇಕು."

ಅವರು ಅದನ್ನು ಸಿಸ್ಟಮ್ ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಂಡರು.