ಎರಡನೆಯ ಔಷಧಿಗೆ ಮೊದಲು

ಶಿರಸಿ ತಾಲೂಕಿನ ಒಂದು ಅಡಕೆ ತೋಟದ ಮನೆ. ಮಳೆ ಹಿಡಿಯುವ ಮೊದಲು ಯಜಮಾನ ಅಡಕೆ ಕೊನೆಗಳಿಗೆ, ಅಂದರೆ ಗೊನೆಗಳಿಗೆ, ಒಂದು ಸಲ ಔಷಧಿ ಹೊಡೆಸಿದ್ದಾನೆ; ಎರಡನೆಯದು ಬಾಕಿ ಇರುವಾಗಲೇ ತೀರಿಕೊಳ್ಳುತ್ತಾನೆ. ಮೊದಲ ಸಿಂಪಡಣೆಯಾದ 40–45 ದಿನಕ್ಕೆ ಮತ್ತೊಮ್ಮೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಬೀಳದಿದ್ದರೆ ಕೊಳೆ ರೋಗಕ್ಕೆ ದಾರಿ ಬಿಟ್ಟಂತೆ, ಮತ್ತು ಆ ಗಡುವು ಬಂದು ನಿಲ್ಲುವುದು ಸರಿಯಾಗಿ ಸೂತಕದ ದಿನಗಳಲ್ಲಿ. ನಾನು ಬರೆದು ನಿರ್ದೇಶಿಸಿದ ಮೊದಲ ಕಥಾಚಿತ್ರದ ಎಳೆ ಇಷ್ಟು. ಸತ್ತವನ ಹೆಂಡತಿ, ವಯಸ್ಸಾದ ತಂದೆ, ಹನ್ನೊಂದು ದಾಟಿದ ಮಗಳು ಈ ಮೂವರು ಮುಂದಿನ ಒಂದು ವರ್ಷವನ್ನು ಹೇಗೆ ಕಳೆದರು ಎಂಬುದೇ ಕಥೆ.

ಸಾವಿನ ಬಗೆಗಿನ ಕೌಟುಂಬಿಕ ಚಿತ್ರಗಳಲ್ಲಿ ಅಳುವ ಮುಖವನ್ನು ಹತ್ತಿರದಿಂದ ತೋರಿಸಿ, ಅದರ ಹಿಂದೆ ಕೊಳಲನ್ನೋ ಪಿಟೀಲನ್ನೋ ನುಡಿಸಿಬಿಟ್ಟರೆ ಕೆಲಸ ಮುಗಿಯಿತೆಂಬ ಭಾವನೆ ಇದೆ. ಬಳೆ ಒಡೆಯುವ, ಕುಂಕುಮ ಅಳಿಸುವ ದೃಶ್ಯಗಳನ್ನು ನಾವು ಎಷ್ಟೋ ನೋಡಿದ್ದೇವೆ. ನಾನು ಅವನ್ನು ಬರೆಯಲೇ ಇಲ್ಲ. ನನಗೆ ಕಂಡ ಮಟ್ಟಿಗೆ ನಮ್ಮ ಕಡೆಯ ಮನೆಗಳಲ್ಲಿ ಒಬ್ಬರು ಇಲ್ಲವಾದುದು ತಿಳಿಯುವುದು ಅವರು ಮಾಡುತ್ತಿದ್ದ ಕೆಲಸ ಮಾಡುವವರಿಲ್ಲದೆ ಉಳಿದಾಗ: ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನಿಗೆ ಹೇಳಿಕಳಿಸುವವರು ಯಾರು, ಹೊಳೆಯ ಪಂಪಿನ ಫ್ಯೂಸು ಹಾಕುವವರು ಯಾರು, ಸೊಸೈಟಿಯ ಲೆಕ್ಕದ ಪುಸ್ತಕ ಎಲ್ಲಿದೆ. ಹಾಗಾಗಿ ಚಿತ್ರಕಥೆಯ ಪ್ರತಿ ದೃಶ್ಯಕ್ಕೂ ಒಂದು ಕೆಲಸವನ್ನು ಕಟ್ಟಿದೆ, ಆ ಕೆಲಸವನ್ನು ಅದುವರೆಗೆ ಯಾರು ಮಾಡುತ್ತಿದ್ದರು ಮತ್ತು ಇನ್ನು ಮೇಲೆ ಯಾರು ಮಾಡುತ್ತಾರೆ ಎಂದು ಅಂಚಿನಲ್ಲಿ ಬರೆದುಕೊಂಡೆ. ಮಗಳು ದೊಡ್ಡವಳಾಗುವುದೆಂದರೆ ಈ ಪಟ್ಟಿಯಲ್ಲಿ ಅವಳ ಹೆಸರು ಹೆಚ್ಚುತ್ತ ಹೋಗುವುದು. ಬೇರೆ ಸಂಕೇತಗಳನ್ನು ನಾನು ಹುಡುಕಲಿಲ್ಲ.

ಇದರಿಂದ ಚಿತ್ರೀಕರಣದ ಕ್ರಮವೂ ತಾನಾಗಿ ನಿರ್ಧಾರವಾಯಿತು. ಮನೆಯಲ್ಲಿ ತಿಂಗಳು ತಿಂಗಳಿಗೆ ಮಾಸಿಕ ಶ್ರಾದ್ಧ, ಕೊನೆಯಲ್ಲಿ ವರ್ಷಾಂತಿಕ. ತೋಟದಲ್ಲಿ ಮಳೆಗಾಲದ ಔಷಧಿ, ಚಳಿಗಾಲಕ್ಕೆ ಕೊನೆಕೊಯ್ಲು, ಸುಲಿತ, ಬೇಯಿಸುವುದು, ಚಪ್ಪರದ ಮೇಲೆ ಒಣಗಿಸುವುದು. ಈ ಎರಡು ಪಂಚಾಂಗಗಳು ಒಂದರ ಪಕ್ಕದಲ್ಲಿ ಒಂದು ಸಾಗುತ್ತಿರುವಾಗ ಎಲ್ಲವನ್ನೂ ಒಂದೇ ಬಾರಿಗೆ ಚಿತ್ರಿಸಿ ಮುಗಿಸುವುದು ಸಾಧ್ಯವೂ ಇರಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಸಣ್ಣ ತಂಡ ಕಟ್ಟಿಕೊಂಡು ಋತುವಿಗೊಮ್ಮೆ ಹೋಗಿ, ಕಥೆಯ ಕ್ರಮದಲ್ಲಿಯೇ ಚಿತ್ರಿಸಿದೆವು. ಆ ವಯಸ್ಸಿನ ಹೆಣ್ಣುಮಕ್ಕಳು ವರ್ಷಕ್ಕೆ ಆರೇಳು ಸೆಂಟಿಮೀಟರ್ ಬೆಳೆಯುವುದು ಸಾಮಾನ್ಯವಾದ್ದರಿಂದ ನಮ್ಮ ಹುಡುಗಿಯ ಶಾಲೆಯ ಸ್ಕರ್ಟು ಚಳಿಗಾಲದ ಹೊತ್ತಿಗೆ ಮೊಣಕಾಲಿನ ಮೇಲೆ ಹೋಗಿತ್ತು. ಹೊಸದನ್ನು ಹೊಲಿಸದೆ, ಆಯಿ (ಅವಳ ಅಮ್ಮ) ಅದರ ಅಂಚು ಬಿಚ್ಚಿ ಇಳಿಸುವುದನ್ನೇ ಒಂದು ದೃಶ್ಯ ಮಾಡಿದೆವು. ಇಳಿಸಿದ ಭಾಗದ ಬಟ್ಟೆ ಉಳಿದುದಕ್ಕಿಂತ ಗಾಢವಾಗಿ ಕಂಡದ್ದು ನಮಗೆ ಸಿಕ್ಕ ಲಾಭ. ಯಾವ ವಸ್ತ್ರವಿನ್ಯಾಸಕನಿಗೂ ಅಂಥ ಬಣ್ಣ ತರುವುದು ಕಷ್ಟ.

ಮಕ್ಕಳನ್ನು ಇಟ್ಟುಕೊಂಡು ಸಿನೆಮಾ ಮಾಡುವವರು ಮೊದಲು ಓದಬೇಕಾದದ್ದು ಕಾನೂನನ್ನು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಮತ್ತು 2017ರ ನಿಯಮಗಳ ಪ್ರಕಾರ ಬಾಲ ಕಲಾವಿದರಿಂದ ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ; ಸತತ 27 ದಿನ ಮೀರುವಂತಿಲ್ಲ; ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು; ಸಂಭಾವನೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡಬೇಕು. ಅನುಮತಿಯ ಕಾಗದಕ್ಕಾಗಿ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕಾಗುತ್ತದೆಂಬ ಬೇಸರ ಒಂದು ಕಡೆಯಾದರೆ, ಐದು ಗಂಟೆಯ ಆ ಮಿತಿ ನಮ್ಮ ಚಿತ್ರದ ಶೈಲಿಯನ್ನೇ ರೂಪಿಸಿತು ಎಂಬುದು ಇನ್ನೊಂದು ಕಡೆ. ಒಂದೇ ದೃಶ್ಯವನ್ನು ಹತ್ತು ಕೋನಗಳಿಂದ ಮತ್ತೆ ಮತ್ತೆ ಚಿತ್ರಿಸುವ ಅವಕಾಶವಿಲ್ಲದ್ದರಿಂದ ದೀರ್ಘವಾದ ಶಾಟುಗಳನ್ನು ಆರಿಸಿಕೊಂಡೆವು. ಅವಳಿಗೆ ‘ದುಃಖಪಡು’ ಎಂದು ನಾನು ಎಂದೂ ಹೇಳಲಿಲ್ಲ, ಅವಳ ಸ್ವಂತ ಬದುಕಿನ ನೋವನ್ನು ನೆನಪಿಸಿ ಕಣ್ಣೀರು ತರಿಸುವ ದಾರಿಯನ್ನಂತೂ ತುಳಿಯಲಿಲ್ಲ. ಕೆಲವು ನಿರ್ದೇಶಕರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕೇಳಿ ನನಗೆ ಅಸಹ್ಯವಾಗಿದೆ. ಮೂಟೆಗಳನ್ನು ಎಣಿಸಿ ಪುಸ್ತಕದಲ್ಲಿ ಬರೆ, ನಡುವೆ ಅಜ್ಜ ಮಾತನಾಡಿಸಿದರೂ ಲೆಕ್ಕ ತಪ್ಪಬಾರದು ಎಂದಷ್ಟೇ ಹೇಳಿದರೆ ಆ ಮುಖದಲ್ಲಿ ಬೇಕಾದದ್ದೆಲ್ಲ ಬರುತ್ತಿತ್ತು.

ಅಜ್ಜನ ಪಾತ್ರಕ್ಕೆ ನಾನು ತಾಳಮದ್ದಲೆಯ, ಅಂದರೆ ವೇಷ-ಕುಣಿತಗಳಿಲ್ಲದ ಯಕ್ಷಗಾನದ, ಅರ್ಥಧಾರಿಯೊಬ್ಬರನ್ನು ಆರಿಸಿದೆ. ಯಕ್ಷಗಾನದ ವೇಷಧಾರಿಗಳಿಗೆ ದೂರದ ಪ್ರೇಕ್ಷಕನಿಗೂ ಮುಟ್ಟುವ ದೇಹಭಾಷೆ ರೂಢಿಯಾಗಿರುತ್ತದೆ, ಕ್ಯಾಮೆರಾದೆದುರು ಅದನ್ನು ಇಳಿಸುವುದು ಕಷ್ಟ. ಅರ್ಥಧಾರಿಗಳಾದರೋ ಕುಳಿತಲ್ಲೇ ಮಾತಿನಿಂದಲೇ ಪಾತ್ರ ಕಟ್ಟುವವರು, ಎದುರಿನವರ ಮಾತನ್ನು ಆಲಿಸಿ ಆ ಕ್ಷಣದಲ್ಲಿ ಉತ್ತರ ಹುಟ್ಟಿಸುವವರು. ಆದರೆ ಮಗನನ್ನು ಕಳೆದುಕೊಂಡ ಈ ಅಜ್ಜ ಹೆಚ್ಚು ಮಾತನಾಡುವವನಲ್ಲ. ಅವರಿಗೆ ಪ್ರತಿ ದೃಶ್ಯಕ್ಕೂ ಪೂರ್ತಿ ಮಾತು ಬರೆದು ಕೊಟ್ಟು, ಅದನ್ನು ಮನಸ್ಸಿನಲ್ಲಿಯೇ ಹೇಳಿಕೊಳ್ಳಿ, ಕೊನೆಯ ವಾಕ್ಯ ಮಾತ್ರ ಬಾಯಿಗೆ ಬರಲಿ ಎಂದೆ. ‘ಉಂಬಲೆ ಬಾರೆ ಕೂಸೆ’ ಎಂದು ಮೊಮ್ಮಗಳನ್ನು ಊಟಕ್ಕೆ ಕರೆಯುವ ಒಂದು ಸಾಲಿನ ಹಿಂದೆ ಹೀಗೆ ಒಂದು ಪುಟದಷ್ಟು ಮಾತಿದೆ.

ಮಳೆಗಾಲದಲ್ಲಿ ಸ್ಥಳದಲ್ಲಿಯೇ ಧ್ವನಿ ಮುದ್ರಿಸುತ್ತೇವೆಂದಾಗ ಅನುಭವಿಗಳು ನಕ್ಕರು. ಮನೆಯ ಹಂಚಿನ ಮಾಡಿನ ಮೇಲೆ ಬೀಳುವ ಮಳೆಯನ್ನು ಹೇಗೋ ನಿಭಾಯಿಸಬಹುದು. ಜಗುಲಿಯ ಮುಂದೆ ಇಳಿಸಿದ ತಗಡಿನ ಮಾಡಿನದು ಬೇರೆಯೇ ಕಥೆ, ಅದರಡಿಯಲ್ಲಿ ನಟರ ಮಾತು ಪೂರಾ ಮುಚ್ಚಿಹೋಗುತ್ತದೆ. ತೋಟದಲ್ಲಿ ಬಿದ್ದ ಅಡಕೆ ಸೋಗೆಗಳನ್ನು ತಂದು ತಗಡಿನ ಮೇಲೆ ದಪ್ಪಗೆ ಹೊದಿಸಿದೆವು. ಹನಿಗಳು ಮೊದಲು ಸೋಗೆಯ ಮೇಲೆ ಬಿದ್ದು ಒಡೆಯುವುದರಿಂದ ತಗಡು ಗುಡುಗುವುದಿಲ್ಲ. ಬಟ್ಟೆಯೊಳಗಿನ ಸಣ್ಣ ಮೈಕು ಮತ್ತು ತಲೆಯ ಮೇಲೆ ಕೋಲಿನಿಂದ ಹಿಡಿಯುವ ಬೂಮ್ ಮೈಕು ಎರಡನ್ನೂ ಬಳಸಿ, ಪ್ರತಿ ದೃಶ್ಯದ ನಂತರ ಎಲ್ಲರನ್ನೂ ಸುಮ್ಮನಿರಿಸಿ ಆ ಹೊತ್ತಿನ ಮಳೆಯನ್ನಷ್ಟೇ ಮುದ್ರಿಸಿಕೊಂಡೆವು. ಸಂಕಲನದಲ್ಲಿ ಎರಡು ಶಾಟುಗಳ ನಡುವಿನ ಬಿರುಕು ಮುಚ್ಚಿದ್ದು ಅದರಿಂದಲೇ. ಬೆಳಕಿನ ಚಿಂತೆ ಇಷ್ಟಿರಲಿಲ್ಲ. ನಾವು ಬಳಸಿದ ಸೋನಿ ಎಫ್‌ಎಕ್ಸ್‌3 ಕ್ಯಾಮೆರಾಕ್ಕೆ 12,800ರ ಎರಡನೆಯ ಮೂಲ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಇದ್ದು, ಮಂದ ಬೆಳಕಿನಲ್ಲೂ ಚಿತ್ರ ಚೆನ್ನಾಗಿ ಬರುವುದರಿಂದ ಒಳಮನೆಯಲ್ಲಿ ಗಾಜಿನ ಹಂಚಿನ ಬೆಳಕಿಗೆ ಒಂದು ಸಣ್ಣ ಎಲ್‌ಇಡಿ ಸೇರಿಸಿದರೆ ಸಾಕಾಗುತ್ತಿತ್ತು.

ಕೊಟ್ಟಿಗೆಯ ಆಕಳನ್ನು ತೋರಿಸಬೇಕೆಂದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯಿಂದ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಪಡೆಯಬೇಕು. ಆ ಕಾಗದಪತ್ರಗಳ ಶುಲ್ಕ ಮತ್ತು ಸಮಯವನ್ನು ಲೆಕ್ಕಹಾಕಿ ಆಕಳನ್ನು ಚಿತ್ರದಿಂದ ತೆಗೆದೆ, ಅದರ ಧ್ವನಿಯನ್ನು ಮಾತ್ರ ಉಳಿಸಿಕೊಂಡೆ. ಹಾಲು ಕರೆಯುವ ಹೊತ್ತಾದರೂ ಅಪ್ಪಯ್ಯ (ತೀರಿಕೊಂಡ ಯಜಮಾನ) ಬರದಿದ್ದಾಗ ಗೋಡೆಯಾಚೆ ಅದು ಕೂಗುತ್ತಲೇ ಇರುತ್ತದೆ, ಒಳಗೆ ವೈದಿಕರು ಮರುದಿನದ ಸಾಮಗ್ರಿಯ ಪಟ್ಟಿ ಓದುತ್ತಿರುತ್ತಾರೆ, ಹುಡುಗಿ ಎದ್ದು ಹೋಗುತ್ತಾಳೆ. ಖರ್ಚಿಗೆ ಹೆದರಿ ಮಾಡಿದ ಈ ಏರ್ಪಾಡನ್ನು ನೋಡಿದವರು ದೊಡ್ಡ ಕಲಾತ್ಮಕ ನಿರ್ಧಾರವೆಂದು ಹೊಗಳಿದಾಗ ನಾನು ತಿದ್ದಲು ಹೋಗಿಲ್ಲ.

ಕೊನೆಯ ದೃಶ್ಯದ ಬಗ್ಗೆ ತಂಡದಲ್ಲಿ ಬಹಳ ವಾದವಾಯಿತು. ವರ್ಷಾಂತಿಕದ ಊಟದೊಂದಿಗೆ ಮುಗಿಸಿದರೆ ಪ್ರೇಕ್ಷಕರಿಗೆ ಸಮಾಧಾನ ಸಿಗುತ್ತದೆಂಬುದು ಹಲವರ ಅಭಿಪ್ರಾಯವಾಗಿತ್ತು. ನಾನು ಒಪ್ಪಲಿಲ್ಲ, ಏಕೆಂದರೆ ಕಥೆ ಶುರುವಾದದ್ದು ಒಂದು ಕೆಲಸ ಬಾಕಿ ಉಳಿದದ್ದರಿಂದ. ಮರುವರ್ಷದ ಮಳೆಗೆ ಮುಂಚೆ ಔಷಧಿ ತಯಾರಾಗುತ್ತಿದೆ: ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಆಮೇಲೆ ಎರಡನ್ನೂ ಕೂಡಿಸುವುದು. ಮಸೆದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದೆಂದರ್ಥ. ಅಪ್ಪಯ್ಯ ಹೀಗೆ ಪರೀಕ್ಷಿಸುವುದನ್ನು ಚಿತ್ರದ ಮೊದಲ ಭಾಗದಲ್ಲಿ ಹುಡುಗಿ ಆಡುತ್ತ ಆಡುತ್ತ ನೋಡಿರುತ್ತಾಳೆ; ಈಗ ಕತ್ತಿ ಕೇಳಿ ಪಡೆದು ಅದ್ದುತ್ತಾಳೆ, ನೋಡುತ್ತಾಳೆ, ಇನ್ನಷ್ಟು ಸುಣ್ಣ ಹಾಕಲು ಹೇಳುತ್ತಾಳೆ. ಚಿತ್ರೀಕರಣದಲ್ಲಿ ಅವಳೆದುರು ಇದ್ದದ್ದು ಆಹಾರದ ಬಣ್ಣ ಬೆರೆಸಿದ ಹಿಟ್ಟಿನ ನೀರು. ಕತ್ತಿಯನ್ನು ಹತ್ತಿರದಿಂದ ತೋರಿಸುವ ಶಾಟನ್ನು ನಿಜವಾದ ದ್ರಾವಣದಲ್ಲಿ ಕೊನೆಗೌಡರ ಕೈಯಿಂದ ಬೇರೆಯಾಗಿ ಮಾಡಿಸಿದೆವು.

ಸೆನ್ಸಾರ್ ಪ್ರಮಾಣಪತ್ರ, ಡಿಸಿಪಿ (ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿ), ಇಂಗ್ಲಿಷ್ ಅಡಿಬರಹಗಳ ಕೆಲಸ ಎಲ್ಲ ಚಿತ್ರಗಳಲ್ಲಿ ಇರುವಂತೆಯೇ ನಡೆಯಿತು. ಊರಿನ ಪ್ರದರ್ಶನದ ದಿನ ನಿಗದಿ ಮಾಡುವಾಗ ಮಾತ್ರ ಸುಲಿತದ ಕಾಲವನ್ನು ಬಿಟ್ಟು ಬೇಸಿಗೆಯನ್ನು ಆರಿಸಿದೆವು; ಸುಲಿತ ಶುರುವಾದರೆ ರಾತ್ರಿ ಯಾರ ಕೈಯೂ ಖಾಲಿ ಇರುವುದಿಲ್ಲ, ಸಿನೆಮಾ ನೋಡಲು ಬಾ ಎಂದು ಕರೆದವನಿಗೇ ಅಡಕೆ ಸುಲಿಯುವ ಮೆಟ್ಟುಗತ್ತಿ ಕೊಟ್ಟು ಕೂರಿಸುತ್ತಾರೆ.